ಎರವಲು ತಂದ ‘ನಾನು’

“ಇವತ್ತು ನಾನು ಯಾರ ಬಾಯಿ?”

ಬಾಯಕ್ಕ ಖಾಲಿ ಕೋಣೆಯನ್ನು ಕೇಳಿದಳು. ದಿನವೂ ಕೆಲಸಕ್ಕೆ ಕೂರುವ ಮುಂಚೆ ಕೇಳುವ ಪ್ರಶ್ನೆ. ಉತ್ತರ ಹೇಳುವವರು ಯಾರೂ ಇರುತ್ತಿರಲಿಲ್ಲ. ಕಿವಿ ಕೇಳದವರು ಎದುರಿನ ಕಂಪ್ಯೂಟರ್ ತೆರೆಯ ಮೇಲೆ ಬಂದು ಕೈಸನ್ನೆಯಲ್ಲಿ ಹೇಳಿದ್ದನ್ನು ಫೋನಿನ ಆ ಕಡೆಯವರಿಗೆ ಬಾಯಿಬಿಟ್ಟು ಹೇಳುವುದು, ಅವರು ಅಂದದ್ದನ್ನು ತಿರುಗಿ ಕೈಯಲ್ಲಿ ತೋರಿಸುವುದು ಅವಳ ಉದ್ಯೋಗ. ಬಾಯಕ್ಕ ಎನ್ನುವುದು ಜೊತೆಯವರು ಇಟ್ಟ ಅಡ್ಡಹೆಸರು. ಆ ಕೆಲಸಕ್ಕೊಂದು ಕಟ್ಟುನಿಟ್ಟಿನ ನಿಯಮ ಇತ್ತು: ‘ಅವನು ಹೀಗನ್ನುತ್ತಾನೆ’ ಎನ್ನುವಂತಿಲ್ಲ. ಸನ್ನೆ ಮಾಡಿದವನು ‘ನಾನು’ ಎಂದರೆ ಬಾಯಕ್ಕನೂ ‘ನಾನು’ ಎನ್ನಬೇಕು.

ಅಜ್ಜಿ ಪದ್ಯ ಓದುವುದನ್ನು ಕಂಬಕ್ಕೊರಗಿ ಕೇಳುತ್ತ ಬೆಳೆದವಳಿಗೆ ಇದೇನೂ ಹೊಸದಲ್ಲ. ಕಾಡುಪಾಲಾದ ರಾಣಿ ಅಜ್ಜಿಯ ಬಾಯಲ್ಲಿ ‘ನಾನೇನು ತಪ್ಪು ಮಾಡಿದೆ’ ಎಂದು ಅಳುತ್ತಿದ್ದಳು. ಅಜ್ಜಿಯ ಕಣ್ಣಲ್ಲೂ ನೀರು. ಪುಸ್ತಕ ಮುಚ್ಚಿ, ಕಣ್ಣಿಗೊತ್ತಿಕೊಂಡು, ‘ನಿನ್ನದು ನಿನಗೆ, ತಾಯಿ’ ಎಂದು ಆ ‘ನಾನು’ವನ್ನು ರಾಣಿಗೆ ಮೆಲ್ಲಗೆ ಹಿಂತಿರುಗಿಸಿದ ಮೇಲೆಯೇ ಅಜ್ಜಿ ಮತ್ತೆ ಅಜ್ಜಿಯಾಗುತ್ತಿದ್ದಳು. ಪ್ರತಿ ಕರೆ ಮುಗಿದಾಗ ಬಾಯಕ್ಕನೂ ಕಪ್ಪಾದ ತೆರೆಗೆ ಕೈಮುಗಿದು ಅದನ್ನೇ ಹೇಳುತ್ತಿದ್ದಳು: ನಿನ್ನದು ನಿನಗೆ.

ಆ ಭಾನುವಾರ ಬೆಳಗ್ಗೆ ತೆರೆಯ ಮೇಲೆ ಯಾರೂ ಬರಲಿಲ್ಲ. ಫೋನು ಮಾತ್ರ ಬಡಿದುಕೊಂಡಿತು.

“ಹಲೋ... ಯಾರು ಮಾತಾಡ್ತಿರೋದು?...

“ಹಾಂ, ಗೊತ್ತಾಯ್ತು, ಗೊತ್ತಾಯ್ತು. ಪಾಲಿಶ್ ಕೆಲಸದವನ ಅಣ್ಣ ಅಲ್ವಾ ನೀವು? ನಿಮ್ಮ ದನಿ ಕೇಳ್ತಿರೋದು ಇದೇ ಮೊದಲು ಅಣ್ಣಾ. ಆದ್ರೆ ನಿಮ್ಮ ಗೊರಕೆ ವಿಷಯ ಎಷ್ಟು ಸಲ ನನ್ನ ಬಾಯಲ್ಲೇ ಬಂದಿದೆಯೋ. ‘ಅಣ್ಣನ ಗೊರಕೆಯಿಂದ ಬಚಾವಾದೋನು ಮನೇಲಿ ನಾನೊಬ್ಬನೇ’ ಅಂತಿದ್ದ... ಎಲ್ಲಿ ನಿಮ್ಮ ತಮ್ಮ? ಹೋದ ಭಾನುವಾರಾನೂ ಕಾಣಲಿಲ್ಲ...

“ಏನಂದ್ರಿ?...

“ಯಾವಾಗ ಹೋದ?... ಜ್ವರಾನಾ? ಬರೀ ಜ್ವರಾನಾ?... ಅಯ್ಯೋ ದೇವರೇ... ಜೊತೇಲಿ ಯಾರಿದ್ರು?... ಆಸ್ಪತ್ರೇಲಿ ಕೈಗೆ ಸೂಜಿ ಚುಚ್ಚಿ ಕಟ್ಟಿಹಾಕಿದ್ರಾ? ಎರಡೂ ಕೈಗಾ?... ಹಾಗಾದ್ರೆ ಅವನು ಕೊನೇಲಿ ಏನೂ... ಏನೂ ಹೇಳೋಕಾಗ್ಲಿಲ್ಲ, ಅಲ್ವಾ?...”

ಮರದ ಸಾಮಾನಿಗೆ ಪಾಲಿಶ್ ಹಚ್ಚುವ ಆ ಹುಡುಗ ದೂರದೂರಿನಲ್ಲಿದ್ದ. ಹುಟ್ಟಿನಿಂದ ಅವನಿಗೆ ಕಿವಿ ಕೇಳದು. ತಾಯಿಗೆ ಈಚೆಗೆ ಕಣ್ಣು ಹೋಗಿತ್ತು. ಮನೆಗೆ ಬಂದಾಗ ಅವಳ ಅಂಗೈ ಮೇಲೆ ಬೆರಳಾಡಿಸಿ ಮಾತಾಡುತ್ತಿದ್ದ. ದೂರವಿದ್ದಾಗ ಅವರಿಬ್ಬರ ನಡುವೆ ಬಾಯಕ್ಕ ಒಬ್ಬಳೇ ದಾರಿ. ಪ್ರತಿ ಭಾನುವಾರ ಅವಳ ದನಿಯಲ್ಲಿ ಮಗ ಶುರುಮಾಡುತ್ತಿದ್ದ: ‘ಅಮ್ಮಾ, ನಾನು ಕಣಮ್ಮಾ.’ ಅವನು, ಅವಳು ಎಂದ ಕೂಡಲೇ ಗಂಡು ಹೆಣ್ಣೆಂದು ಪಾಲಾಗುವ ಮಾತು, ‘ನಾನು ಬಂದೆ, ನಾನು ಉಂಡೆ’ ಎನ್ನುವಾಗ ಗಂಡೋ ಹೆಣ್ಣೋ ಎಂದು ಯಾರನ್ನೂ ಕೇಳುವುದಿಲ್ಲ. ‘ಮದುವೆ ಆಗೋ ಅಂದ್ರೆ ಸೊಸೆ ದನಿ ಮಾತ್ರ ಕಳಿಸಿದ್ದೀಯಲ್ಲೋ’ ಎಂದು ಮೊದಲ ಸಲ ನಕ್ಕ ತಾಯಿ, ಆಮೇಲೆ ಆ ದನಿಯನ್ನೇ ಮಗ ಎಂದುಕೊಂಡಳು.

“ಅಮ್ಮನಿಗೆ ಇನ್ನೂ ಹೇಳಿಲ್ವಾ?... ಎದೆ ತಡ್ಕೊಳಲ್ಲ ಅಂತ ಡಾಕ್ಟರ್ ಅಂದ್ರಾ, ನೀವೇ ಅಂದ್ಕೊಂಡ್ರಾ?... ಊಟ ಬಿಟ್ಟಿದಾರಾ?... ಇಲ್ಲ, ಅಳ್ತಿಲ್ಲ, ಹೇಳಿ... ನನ್ನಿಂದ ಏನಾಗ್ಬೇಕು?...

“‘ಚೆನ್ನಾಗಿದೀನಿ ಅಮ್ಮಾ’ ಅಂತಾನಾ? ನಾನಾ?... ಯಾವ ನಾನು ಅಣ್ಣಾ?... ಹೌದು, ಅವರಿಗೆ ಅವನ ದನಿ ಅಂದ್ರೆ ನನ್ನ ದನಿನೇ, ಒಪ್ಕೋತೀನಿ. ಅದಕ್ಕೇ ನಂಗೆ ಭಯ... ಈ ವಾರ ಹೇಳಿದ್ರೆ ಮುಂದಿನ ವಾರ? ಅವರು ಇರೋ ತನಕಾನಾ?... ಬೇಡ. ಬೇಡ ಅಣ್ಣಾ, ಅವರ ಕೈಗೆ ಕೊಡ್ಬೇಡಿ... ಹಲೋ? ಅಣ್ಣಾ? ಹಲೋ?...”

ಫೋನು ಕೈ ಬದಲಾಯಿತು. ಹೊಸ ಉಸಿರು, ನಿಧಾನದ ಉಸಿರು. ಬಾಯಕ್ಕನ ಕೈ ರೂಢಿಬಲದಿಂದ ತಾನಾಗಿ ಎದ್ದಿತು. ಬೆರಳು ಕೂಡಿ ತುಟಿಯ ಹತ್ತಿರ ಹೋಯಿತು: ಊಟ ಆಯ್ತಾ ಮಗಾ? ಅಂಗೈ ಹಣೆ ಮುಟ್ಟಿತು: ಮೈ ಸುಡ್ತಿಲ್ಲ ತಾನೇ? ತಾಯಿ ಕೇಳಿದ್ದನ್ನೆಲ್ಲ ಕೈ ಕಪ್ಪು ತೆರೆಗೆ ಕೇಳಿತು. ತೆರೆಯೊಳಗೊಂದು ನೆರಳೂ ಕೈಯೆತ್ತಿ ಅದನ್ನೇ ಇವಳಿಗೆ ಕೇಳಿತು.

“ಅಮ್ಮಾವ್ರೇ...”

ಇಷ್ಟು ಕಾಲ ಆ ಬಾಯಿಂದ ಬಂದಿದ್ದು ‘ಅಮ್ಮಾ’. ಬಾಲದಲ್ಲೊಂದು ಗೌರವ ಹತ್ತಿಕೊಂಡದ್ದೇ ತಡ, ಆ ಕಡೆಯ ಕಿವಿ ಚುರುಕಾಯಿತು. ಯಾವ ತಾಯಿಗೂ ಮಗ ಅಷ್ಟು ಮರ್ಯಾದೆ ಕೊಡುವುದಿಲ್ಲ.

“ಇಲ್ಲಮ್ಮಾವ್ರೇ, ಗಂಟಲು ಕಟ್ಟಿಲ್ಲ... ನಾನು ಅವನಲ್ಲ. ಅವನ ಮಾತು ನಿಮಗೆ ಹೇಳ್ತಿದ್ದೋಳು... ಹಾಂ, ಆ ಹುಡುಗಿನೇ. ಹುಡುಗಿ ಎಲ್ಲಿ ಬಂತು, ತಲೆ ನರೆತಿದೆ... ಅವನು, ಅಮ್ಮಾವ್ರೇ...

“ಹಾಂ?... ಗೊತ್ತಾ? ನಿಮಗೆ ಮೊದ್ಲೇ ಗೊತ್ತಾ?... ಯಾರು ಹೇಳಿದ್ರು?... ಯಾರೂ ಹೇಳ್ಲಿಲ್ವಾ... ತಮ್ಮನ ಊರಿಂದ ಬಂದಾಗಿಂದ ನಿಮ್ಮ ದೊಡ್ಡ ಮಗನ ಗೊರಕೆ ಕೇಳಿಸ್ಲಿಲ್ವಾ?... ಒಂದು ರಾತ್ರೀನೂ ನಿದ್ದೆ ಮಾಡಿಲ್ಲ ಅವರು...

“ಮತ್ಯಾಕಮ್ಮಾವ್ರೇ ಸುಮ್ನಿದ್ರಿ?... ಹಾಂ. ನೀವು ಅತ್ರೆ ಅವರು ಕುಸಿದುಹೋಗ್ತಾರೆ ಅಂತ. ಅವರು ನಿಮಗೋಸ್ಕರ, ನೀವು ಅವರಿಗೋಸ್ಕರ... ಈಗ ಪಕ್ಕದಲ್ಲೇ ಇದಾರಾ?... ಹೊರಗೆ ಹೋದ್ರಾ... ಹೇಳಿ, ಕೇಳಿಸ್ತಿದೆ...”

ಕೈ ಮತ್ತೆ ಎದ್ದಿತು. ಒಂದು ಬೆರಳು ಮೇಲಕ್ಕೆ: ಒಂದೇ ಒಂದು ಸಲ ಹೇಳು. ಅದೇ ಬೆರಳು ಮಡಚಿ, ತಿರುಗಿ, ಅವಳದೇ ಎದೆಗೆ ಬಂದು ಚುಚ್ಚಿಕೊಂಡಿತು. ‘ನಾನು’ ಎನ್ನುವ ಸನ್ನೆ ಅದು. ತೆರೆಯೊಳಗಿನ ನೆರಳೂ ತನ್ನ ಎದೆ ಮುಟ್ಟಿಕೊಂಡು, ಕರೆದರೆ ಬಂದೇ ಬಿಡುವಂತೆ, ಕಾಯುತ್ತ ಕೂತಿತು.

“ಅವನು ಶುರುಮಾಡ್ತಿದ್ದ ಹಾಗೇನಾ... ಅಷ್ಟೇ ಸಾಕಾ... ಅಮ್ಮಾವ್ರೇ, ಅವನ ಬಗ್ಗೆ ಕೇಳಿ, ಎಷ್ಟು ಹೊತ್ತಾದ್ರೂ ಹೇಳ್ತೀನಿ. ಉಗುರಲ್ಲಿ ಪಾಲಿಶ್ ಬಣ್ಣ ಹೋಗ್ತಾನೇ ಇರ್ಲಿಲ್ಲ ಅವನಿಗೆ. ನಗು ಬಂದ್ರೆ ಸನ್ನೆ ಅರ್ಧಕ್ಕೇ ನಿಂತ್ಬಿಡೋದು. ನೀವು ಬೈಯೋಕೆ ಶುರುಮಾಡಿದ್ರೆ ಕಣ್ಣು ಮುಚ್ಕೊಂಡುಬಿಡೋನು, ಕೇಳಿಸ್ಬಾರ್ದು ಅಂತ. ಹೂಂ, ಕಳ್ಳ. ನನ್ನ ಕೈಯಿ ಸುಮ್ನೆ ಗಾಳಿಗೆ ಬೈತಿತ್ತು... ಇದನ್ನೆಲ್ಲ ಅವತ್ತು ನಾನು ಹೇಳೋ ಹಾಗಿರ್ಲಿಲ್ಲ. ಈಗ ಹೇಳ್ತೀನಿ. ಅವನು, ಅವನು ಅಂತ ನೂರು ಸಲ ಹೇಳ್ತೀನಿ...

“ಅದು ಬೇಡ್ವಾ?... ‘ಅವನು’ ಅಂದ್ರೆ ಮಗನ್ನ ಹೊರಗೆ ಕಳಿಸಿ ಬಾಗಿಲು ಹಾಕಿದ ಹಾಗಾ...”

ತುಟಿ ಬಿಟ್ಟುಕೊಂಡಿತು. ‘ನಾನು ಕಣಮ್ಮಾ’ ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ವರ್ಷ ಸವೆದ ಹಾದಿ, ಬಿಟ್ಟರೆ ತಾನೇ ನಡೆದು ಹೋಗುತ್ತದೆ. ಒಂದು ಸಲ ಹೇಳಿದರೆ ಆ ಮುದುಕಿ ಇವತ್ತು ಉಣ್ಣುತ್ತಾಳೆ. ಆದರೆ ಹೇಳಿದ ಮೇಲೆ ‘ನಿನ್ನದು ನಿನಗೆ’ ಎಂದು ಯಾರಿಗೆ ಕೊಡುವುದು? ತೆಗೆದುಕೊಳ್ಳಲು ಚಾಚುವ ಕೈಗಳೇ ಈಗ ಇಲ್ಲ. ಬಾಯಕ್ಕ ಎದೆಯ ಮೇಲಿನ ಬೆರಳನ್ನು ಇನ್ನೊಂದು ಕೈಯಿಂದ ಕಿತ್ತು, ತೊಡೆಯ ಕೆಳಗೆ ಒತ್ತಿ ಕೂತಳು.

“ಅದು ಅವನ ಮಾತು ಅಮ್ಮಾವ್ರೇ. ಅವನಿಗೇ ವಾಪಸ್ ಕೊಟ್ಟಾಗಿದೆ... ಹಾಂ, ಬೈಯಿರಿ. ಕಟುಕಿ ಅನ್ನಿ, ಅನ್ನಿಸ್ಕೋತೀನಿ... ಗೊತ್ತು, ಒಂದೇ ಸಲ. ಗೊತ್ತು...

“ಇಲ್ಲ... ಇಲ್ಲಮ್ಮಾವ್ರೇ. ಹೇಳಲ್ಲ.”

ಆ ಕಡೆ ಫೋನು ಇಟ್ಟ ಸದ್ದು ಟಕ್ಕೆಂದಿತು.