ನಾಕು ಮಂದಿ ತಾಟು

…ಅಲ್ರೀ, ತಾಟು ದೊಡ್ಡದೈತಿ ಅಂತ ಯಾರರ ಹಿಂಗ ಬೆಚ್ಚಿ ಬೀಳ್ತಾರೇನ್ರಿ? ತಾಟರೀ ಅದು, ಹುಲಿ ಅಲ್ಲ. ಕೈ ಹಚ್ರಿ. ಹೂಂ, ನಿಮ್ಮದ ಅದು. ಪೂರಾ ನಿಮ್ಮದ. ನನಗ ಬ್ಯಾರೆ ಬರ್ತೈತಿ.

ಆಕಡೆ ಈಕಡೆ ಯಾಕ ನೋಡ್ತೀರಿ? ನಮ್ಮನ್ನ ಯಾರೂ ನೋಡವಲ್ರು. ಎಲ್ಲಾರೂ ಕೊಳ್ಳಾಗ ಆಫೀಸಿನ ಪಟ್ಟಿ ಹಾಕ್ಕೊಂಡು, ಫೋನ್ ನೋಡಕೋತ ಉಣ್ಣಾಕತ್ತಾರ. ಏನು, ಆ ತಾಮ್ರದ ಹಂಡೆ ನೋಡಾಕತ್ತೀರಾ? ಅದರಾಗ ಬೀರು ಮಾಡ್ತಾರಂತ. ಮಾಡ್ಲಿ ಬಿಡ್ರಿ, ನಾವೇನ್ ಅದನ್ನ ಕುಡ್ಯಾಕ ಬಂದೀವಾ? ವೆಜ್ ಅಡಗಿ ಬ್ಯಾರೆ ಮಾಡ್ತೀರಿಲ್ಲೋ ಅಂತ ಬಾಗಲದಾಗ ಕೇಳೇ ಒಳಗ ಬಂದೀನಿ. ನಾ ಕನ್ನಡದಾಗ ಕೇಳ್ದೆ, ಅಂವ ಹಿಂದಿಯಾಗ ಹೇಳ್ದ. ಇಬ್ರಿಗೂ ತಿಳೀತು.

ಕಣ್ಣಾಗ ಕೇಳಬ್ಯಾಡ್ರಿ, ಬಾಯಿ ಬಿಟ್ಟು ಕೇಳ್ರಿ… ಹೋಗ್ಲಿ, ನೀವೆಲ್ಲಿ ಕೇಳ್ತೀರಿ! ‘ಚಾಲಕರೊಡನೆ ಮಾತನಾಡಬೇಡಿ’ ಅಂತ ಬಸ್ಸಿನಾಗ ಬರದಿರ್ತಾರಲ್ಲ, ಆ ಬೋರ್ಡು ನೌಕರಿ ಬಿಡುವಾಗ ಕಿತ್ತಗೊಂಡು ಮನಿಗೆ ತಂದೋರು ನೀವು. ಕೊಪ್ಪಳ ಡಿಪೋದಾಗ ಎಲ್ಲಾರೂ ಅಂತಿದ್ರು, ಇರಣ್ಣನ ಬಸ್ಸು ಹಾರ್ನ್ ಹೊಡೀತೈತಿ, ಇರಣ್ಣ ಮಾತ್ರ ಉಸುರ ಬಿಡೂದಿಲ್ಲ ಅಂತ. ನಾನೂ ರೂಢಿ ಮಾಡ್ಕೊಂಡೀನಿ. ನಿಮ್ಮ ಪಾಲಿಂದೂ ನಾನ ಮಾತಾಡ್ತೀನಿ.

ಇಲ್ಲಿಗೇ ಯಾಕ ಅಂತ ತಾನೆ? ಶೀತಲ್ ಆಫೀಸಿನ ಪಾರ್ಟಿ ಮುಗಿಸಿ ಬರುವಾಗ ಡಬ್ಬಿ ಕಟ್ಟಿಸ್ಕೊಂಡು ಬಂದಿದ್ಲಲ್ರಿ, ಮರತ್ರಾ? ‘ಅತ್ತೆ, ಇದು ಒಬ್ರ ಪ್ಲೇಟು, ಅರ್ಧಾನೂ ಆಗ್ಲಿಲ್ಲ ನಂಗೆ’ ಅಂದ್ಲು. ಅದನ್ನ ಮನಿ ಮಂದಿಯೆಲ್ಲಾ ಉಂಡ್ವಿ, ಉಳದಿದ್ದು ಮುಂಜಾನೆ ಕಸಾ ಹೊಡ್ಯಾಕ ಬಂದ ಕೃಷ್ಣಮ್ಮಗ ಕೊಟ್ಟೆ. ಆಕಿ ‘ಎಷ್ಟು ಜನ ನೆಂಟರು ಬಂದಿದ್ರು ಅಮ್ಮ’ ಅಂತ ಕೇಳಿದ್ಲು! ಈ ವೈಟ್‌ಫೀಲ್ಡಿನ ಮಂದಿ ನಾಕು ಮಂದಿ ಅಡಗಿ ಒಬ್ಬರ ಮುಂದ ಸುರೂತಾರ. ಆಮ್ಯಾಲ ಅವರು ಎರಡ ತುತ್ತು ತಿಂದು, ಮೂಗ ಮುರದು ಎದ್ದು ಹೊಕ್ಕಾರ. ನೋಡ್ರಿ ಆ ಮೂಲ್ಯಾಗ ಒಬ್ಬಾಂವ… ಅನ್ನದ ಗುಡ್ಡೆ ಹಂಗ ಬಿಟ್ಟು ಕೈ ಒರಸ್ಕೊಳ್ಳಾಕತ್ಯಾನ.

ನೀವು ಹಂಗಲ್ಲ. ತಾಟಿನ್ಯಾಗ ಒಂದ ಅಗಳ ಬಿಟ್ಟವರಲ್ಲ ನೀವು. ದೀಕ್ಷಾ ಆದಾಗ ಸ್ವಾಮಿಗಳ ಮುಂದ ಕೊಟ್ಟ ಮಾತು, ತಾಟಿಗೆ ಬಂದದ್ದು ಪ್ರಸಾದ ಅಂತ. ತಾಟು ತೊಳದ ನೀರ ಸೈತ ಕುಡಿಯೋರು. ನಮ್ಮ ಬೀಗರು ಅದನ್ನ ನೋಡಿ ಮಾರಿ ಆಕಡೆ ತಿರುವಿದ್ರು, ನಿಮಗೇನೂ ಅನಸ್ಲಿಲ್ಲ. ಹಂತಾದ್ರಾಗ ಇವತ್ತ ಬಿಡ್ತೀರಾ? ಉಣ್ರಿ.

ಅಮರೇಶಗ? ಮಗನ ಮುಂದ ಬ್ಯಾಂಕಿಗೆ ಹೋಗಿ ಬರ್ತೀವಿ ಅಂತ ಹೇಳೀನಿ. ಹೂಂ, ಸುಳ್ಳು. ಇವತ್ತೊಂದ ದಿನ ಸುಳ್ಳು ಹೇಳಿದ್ರ ಏನ್ ಆಕಾಶ ಬೀಳ್ತೈತಿ? ಗಂಡ ಹೆಂಡತಿ ಹೊರಗ ಉಣ್ಣಾಕ ಬಂದಾರ. ಇವತ್ತ ನಮ್ಮ ಲಗ್ನ ಆದ ದಿನ.

ಅಲ್ಲಾ?

ಮತ್ತ ಯಾವಾಗ ಆಗಿತ್ತು? ಬ್ಯಾಸಗ್ಯಾಗಾ? ಹೌದಲ್ಲ, ಬೆವರಿಗೆ ಬಾಸಿಂಗದ ಬಣ್ಣ ಹಣಿಗೆ ಇಳದಿತ್ತು… ಆತು ಬಿಡ್ರಿ. ನಗಬ್ಯಾಡ್ರಿ. ನಕ್ರ ನನಗೂ ನಗು ಬರ್ತೈತಿ, ನಕ್ಕೋತ ಕುಂತ್ರ ಅನ್ನ ಆರ್ತೈತಿ.

ಕಾಲು ಒಳಗ ತಗೋರಿ, ದಾರ್ಯಾಗ ಐತಿ. ಯಾರರ ತುಳದಾರು. ನೋವಾತಾ? ಪಟ್ಟಿ ಒದ್ದಿ ಆದಂಗ ಕಾಣ್ತೈತಿ… ಏನಿಲ್ಲ, ಏನಿಲ್ಲ. ನಾಳೆ ಮುಂಜಾನೆ ಹ್ಯಾಂಗೂ ದವಾಖಾನಿಗೆ ಹೊಕ್ಕೀವಲ್ಲ. ಹುಣ್ಣ ತೊಳದು ಬ್ಯಾರೆ ಪಟ್ಟಿ ಕಟ್ತಾರ, ಸಂಜಿಗೆ ಮನಿಗೆ. ಅಷ್ಟ. ಕಾಲಿಂದು ಒಂದ ಬಟ್ಟು ಕರ್ರಗಾಗೇತಿ ಅಂತ ಇಷ್ಟು ದೊಡ್ಡದು ಮಾಡ್ತಾರ ಈ ಡಾಕ್ಟರ್ ಮಂದಿ. ಅಮರೇಶ್ ನಿಮಗ ಎಲ್ಲಾ ಹೇಳ್ಯಾನಲ್ಲ? ಅಷ್ಟ ಅದು. ಅದಕ್ಕಿಂತ ಹೆಚ್ಚಿಗಿ ಏನೂ ಇಲ್ಲ.

ಮ್ಯಾಲಿನ ಬೆಣ್ಣಿ ತಗೀಬ್ಯಾಡ್ರಿ! ಯಾಕ ತಗೀತೀರಿ? ನಾ ಏನರ ಅಂದ್ನೇನು? ಇವತ್ತ ಅನ್ನೂದಿಲ್ಲ. ಮೂರು ವರ್ಷದಿಂದ ನಿಮ್ಮ ಬಾಯಿ ಕಾಯೋ ಪೊಲೀಸ್ ಆಗೀನಿ. ಒಂದೂವರಿ ರೊಟ್ಟಿ, ಒಂದು ಸೌಟು ಅನ್ನ, ಪಲ್ಲೆ, ಮಜ್ಜಗಿ. ಮಾವಿನಹಣ್ಣಿನ ಕಾಲಕ್ಕ ವಾಟಿ ಕೇಳಿದ್ರಿ, ಬರೀ ವಾಟಿ ಚೀಪ್ತೀನಿ ಅಂತ ಕೈ ಚಾಚಿದ್ರಿ, ಅದನ್ನೂ ಕೊಡ್ಲಿಲ್ಲ ನಾನು. ಕೊಡಬೇಕಿತ್ತು. ಕೊಟ್ಟಿದ್ರೇನ್ ಆಗ್ತಿತ್ತು? ಎಲ್ಲಾ ಕಾಯ್ದು ಕಾಯ್ದು ಏನ್ ಉಳೀತು…

ಇಲ್ರಿ. ಯಾರ್ ಅಳಾಕತ್ತಾರ? ಖಾರ ಹತ್ತೇತಿ.

ಆ, ಬಂತು ನೋಡ್ರಿ. ಇದು ಮಾವಿನಹಣ್ಣಿನ ಲಸ್ಸಿ. ತಂಬಿಗಿಯಷ್ಟು ಗ್ಲಾಸು! ಇದು… ಸುಯ್ಯ್ ಅಂತೈತಿ, ಕೈ ಹಚ್ಚಬ್ಯಾಡ್ರಿ, ಕಬ್ಬಣದ ತಾಟು ಕಾದೈತಿ. ಬ್ರೌನಿ ಅಂತ, ಚಾಕಲೇಟಿನ ಕೇಕು, ಮ್ಯಾಲ ಐಸ್‌ಕ್ರೀಮು. ಹೂಂ, ನಾನ ಹೇಳೀನಿ, ಎಲ್ಲಾ ಕೂಡೇ ತಗೊಂಬಾ ಅಂತ. ಮೊದಲ ಸಿಹಿ ತಿನ್ರಿ. ಆಮ್ಯಾಲ ಅನ್ನ. ಯಾರ್ ಬ್ಯಾಡ ಅಂತಾರ? ಕುಡೀರಿ. ಒಂದ ಗುಟುಕು. ನನ್ನ ಸಲುವಾಗಿ ಒಂದ ಗುಟುಕು.

ಶುಗರ್ ಏರ್ತೈತಿ ಅಂತೀರಾ? ಏರ್ಲಿ. ಒಂದ ದಿನ ಏರಿದ್ರೇನು? ಜಾಸ್ತಿ ಬಂದ್ರ ಏನ್ ಮಾಡ್ತಾರ? ನಾಳೆ ಆಗೂದಿಲ್ಲ, ಎರಡ ದಿನ ಬಿಟ್ಟು ನೋಡೂಣು ಅಂತ ಮನಿಗೆ ಕಳಸ್ತಾರ, ಅಷ್ಟ…

ಯಾಕ ಹಂಗ ನೋಡಾಕತ್ತೀರಿ? ಮಾತಿಗೆ ಅಂದೆ. ಏನೋ ಬಾಯಿಗೆ ಬಂತು.

ಏನದು? ಹೊಟ್ಟಿ ಯಾಕ ತೋರಸ್ತೀರಿ ಮಂದ್ಯಾಗ? ಅಂಗಿ ಕೆಳಗ ಬಿಡ್ರಿ. ಹಾಂ… ಸೂಜಿ. ಉಣ್ಣೂಕಿಂತ ಮೊದಲ ಸೂಜಿ ಹಾಕ್ಬೇಕಿತ್ತು ಅಲ್ಲಾ? ಅಯ್ಯ, ಮರತ ಬಂದೀನ್ರಿ. ಇನ್ಸುಲಿನ್ ಪೆನ್ನು ಫ್ರಿಜ್ಜಿನ್ಯಾಗ ಉಳೀತು. ಗದ್ದಲದಾಗ ಮರತೆ. ಮನಿಗೆ ಹೋದ ಮ್ಯಾಲ ಹಾಕೂಣು. ಈಗ ಉಣ್ರಿ.

ಉಣ್ರೀ.

ನೀವು… ತಡೀರಿ. ತಾಟು ಈಕಡೆ ತಿರುಗಸ್ರಿ. ತಿರುಗಸ್ರಿ ಅಂದ್ನೆ.

ಇದೇನ್ರಿ ಇದು? ಅನ್ನ ಎಲ್ಲಾ ಒಂದ ಕಡೆ ಸರಿಸಿ ನಾನ್ ರೊಟ್ಟಿ ಕೆಳಗ ಇಟ್ಟೀರಲ್ಲ. ಪನೀರು ಎಲ್ಲಾ ಈ ಅಂಚಿಗೆ… ನೀವು ಬಾಯಿಗೆ ಏನೂ ಹಾಕೇ ಇಲ್ಲ! ಅವಾಗಿಂದ ಕೈ ಆಡಸ್ತೀರಿ, ಬಾಯಿ ಆಡಸ್ತೀರಿ, ಉಣ್ಣಾಕತ್ತೀರಿ ಅಂತ ನಾ ಹುಚ್ಚಿ ಹಂಗ ಮಾತಾಡಕೋತ ಕುಂತೀನಿ. ಇಷ್ಟ ದೊಡ್ಡ ತಾಟಿನ್ಯಾಗ ಉಂಡದ್ದೆಷ್ಟು, ಉಳದದ್ದೆಷ್ಟು ಗೊತ್ತರ ಹೆಂಗ ಆಗ್ಬೇಕು? ಲಸ್ಸಿನೂ ಹಂಗ ಐತಿ. ತುಟಿಗೆ ಹಚ್ಚಿ ಹಚ್ಚಿ ಇಟ್ಟೀರಿ.

ನನ್ನನ್ನ ಆಡಸ್ತೀರೇನು?

ಹೇಳ್ರಿ. ನನ್ನ ಮಾರಿ ನೋಡಿ ಹೇಳ್ರಿ, ಯಾಕ ಉಣ್ಲಿಲ್ಲ? ಹಸಿವಿಲ್ಲಾ? ನೀವು ಉಣ್ಣದ ಬಿಟ್ಟ ತಾಟು ನಾ ಇವತ್ತಿನತನಕ ನೋಡಿಲ್ಲ. ಅದನ್ನ ನಂಬೇ ಬಂದೀನಿ ನಾನು. ಮುಂದ ಗುಡ್ಡೆ ಸುರಿದ್ರ ಗುಡ್ಡೇನ ಉಂಡ ಏಳ್ತಾರ ನಮ್ಮನಿಯವರು, ಅಗಳ ಬಿಡೂದಿಲ್ಲ, ಅಂತ… ಅದಕ್ಕ ಇಲ್ಲಿಗೆ ಕರಕೊಂಡು…

ಗೊತ್ತೈತಿ ನಿಮಗ.

ಯಾವಾಗಿಂದ ಗೊತ್ತೈತಿ? ಅಮರೇಶ್ ಹೇಳಿದ್ನಾ? ಇಲ್ಲಾ… ಡಾಕ್ಟರ್ ನಿಮಗ ಮೊದಲ ಹೇಳ್ಯಾರಾ? ಕಾಲು ತಗೀತಾರ ಅಂತ ಗೊತ್ತೈತಾ? ಬಟ್ಟು ಅಲ್ಲ, ಪಾದಕ್ಕ ಪಾದಾನ… ಹೂಂ ಅಂತೀರಾ? ತಲಿ ಅಲ್ಲಾಡಸ್ತೀರಾ? ಅಯ್ಯ ಶಿವನ! ಹಂಗಾದ್ರ ನಾವೆಲ್ಲಾ ನಿಮ್ಮ ಮುಂದ ಪಟ್ಟಿ, ತೊಳ್ಯೂದು, ಸಂಜಿಗೆ ಮನಿಗೆ ಅಂತ ನಾಟಕ ಮಾಡುವಾಗ, ನೀವು ಕುಂತು ನೋಡಾಕತ್ತಿದ್ರಾ? ‘ಅಪ್ಪಗ ಗೊತ್ತಾಗೂದು ಬ್ಯಾಡವ್ವ’ ಅಂತ ಅಮರೇಶ್ ನನ್ನ ಕಡಿಂದ ಆಣಿ ಹಾಕಿಸ್ಕೊಂಡಿದ್ನಲ್ಲ… ಅದನ್ನ ನೀವ ಹೇಳಿ ಮಾಡ್ಸಿದ್ರಾ? ನನ್ನ ಸಲುವಾಗಿ? ನಿಮ್ಮ ಮುಂದ ಅಳಬಾರ್ದು ಅಂತಾದ್ರೂ ಇಕಿ ಗಟ್ಟಿ ಇರ್ಲಿ ಅಂತ?

ಎಂಥಾ ಮನಷ್ಯಾರ್ರೀ ನೀವು.

ಸುಮ್ನ ಕುಂದ್ರಬ್ಯಾಡ್ರಿ. ಇವತ್ತ ಸುಮ್ನ ಕುಂತ್ರ ನಾ ಸತ್ತ ಹೊಕ್ಕೀನಿ. ಬೈರಿ. ‘ರುದ್ರವ್ವಾ, ಏನ್ ಮಾಡಾಕ ಹೊಂಟಿದ್ದಿ’ ಅಂತ ಒಂದ ಮಾತು ಬೈರಿ.

ಆತು. ನಾನ ಹೇಳ್ತೀನಿ. ಶುಗರ್ ಕೆಳಗ ಇದ್ರ ನಾಳೆ ಆಪರೇಶನ್, ಮ್ಯಾಲ ಹೋದ್ರ ಕೈ ಹಚ್ಚಂಗಿಲ್ಲ ಅಂದ್ರು ಡಾಕ್ಟರ್. ಆ ಒಂದ ಮಾತು ಕಿವ್ಯಾಗ ಕುಂತ ಬಿಡ್ತು. ಮನಿಯಾಗ ಸಕ್ರಿ ಹಾಕೇನು ಅಂದ್ರ ಶೀತಲ್ ನೋಡ್ತಾಳ. ನಮ್ಮ ಕಡಿ ಖಾನಾವಳಿಗೆ ಕರಕೊಂಡು ಹೋದ್ರ ಅದರ ಮಾಲಕಗ ನಿಮ್ಮ ಶುಗರ್ ಗೊತ್ತು, ಹೋಳಿಗಿ ಕೇಳಿದ್ರ ನನಗ ಬೈತಾನ. ಇಲ್ಲಿ ಯಾರಿಗೂ ಯಾರೂ ಗೊತ್ತಿಲ್ಲ. ಕೇಳಿದ್ದು ತಂದು ಸುರೂತಾರ. ಅದಕ್ಕ ಇಲ್ಲಿ. ಸೂಜಿನೂ ಮರತಿಲ್ರಿ. ಐತಿ ಇಲ್ಲೆ, ಚೀಲದಾಗ, ಥಂಡ ನೀರಿನ ಬಾಟ್ಲಿ ಮಗ್ಗಲದಾಗ. ಫ್ರಿಜ್ಜಿನ್ಯಾಗ ಬಿಟ್ಟು ಬರಾಕ ಹೋಗಿದ್ದೆ. ಬಾಗಲಾ ದಾಟಿದೆ, ಕಾಲ ಮುಂದ ಹೋಗ್ಲಿಲ್ಲ. ತಿರುಗಿ ಹೋಗಿ ತಗೊಂಡು ಬಂದೆ. ತಂದೂ, ತಂದಿಲ್ಲ ಅಂತ ಹೇಳ್ದೆ.

ನಮ್ಮಕ್ಕ ಲಕ್ಷ್ಮವ್ವನ್ನ ಆಪರೇಶನ್ನಿಗೆ ಒಳಗ ಒಯ್ಯುವಾಗ ನನ್ನ ಕೈ ಹಿಡಕೊಂಡಿದ್ಲು. ಆ ನರ್ಸು ಬಂದು ಬಿಡಿಸಿದ್ಲು. ಒಂದೊಂದ ಬಟ್ಟು ಬಿಡಿಸಿದ್ಲು. ಬಾಗಲಾ ಹಾಕಿದ್ರು. ಆಮ್ಯಾಲ ಏನಾತು ನಿಮಗ ಗೊತ್ತೈತಿ, ನೀವ ಹೆಣಾ ತಂದೋರು. ನಾಳೆ ನಿಮ್ಮನ್ನೂ ಹಂತಾದ್ದ ಬಾಗಲದಾಗ ಒಯ್ತಾರ. ನಾ ಹೊರಗ ಬೆಂಚಿನ ಮ್ಯಾಲ ಕುಂದ್ರಬೇಕು. ನನ್ನ ಕಡೆ ಆಗೂದಿಲ್ರಿ… ನನ್ನ ಕಡೆ ಆಗೂದಿಲ್ಲ.

ಏನು? ಇನ್ನೂ ಯಾಕ ಹಂಗ ನೋಡ್ತೀರಿ? ಎಲ್ಲಾ ಹೇಳೀನಿ.

ಎಲ್ಲಾ ಹೇಳೀನಿ ಅಂದ್ನೆಲ್ರಿ.

ಕಣ್ಣು ತಗೀರಿ ಆಕಡೆ… ಇಲ್ಲ. ಹೇಳಿಲ್ಲ. ಒಂದ ಉಳದೈತಿ. ತಡಾ ಆದ್ರ ಏನಾಗ್ತೈತಿ ಅಂತಾನೂ ಡಾಕ್ಟರ್ ಹೇಳಿದ್ರು. ನಾನ ಕೇಳಿದ್ದೆ. ವಿಷ ಮ್ಯಾಲ ಏರ್ತೈತಿ, ಮೊಣಕಾಲಿಗೆ, ಆಮ್ಯಾಲ ರಕ್ತಕ್ಕ, ಆಮ್ಯಾಲ ನಮ್ಮ ಕೈಯಾಗ ಏನೂ ಇರೂದಿಲ್ಲ ಅಂದ್ರು. ತಿಳೀದೆ ಬಂದಾಕಿ ಅಲ್ಲ ನಾನು. ಎಲ್ಲಾ ತಿಳದು, ತಾಟು ತುಂಬಿಸಿ ನಿಮ್ಮ ಮುಂದ ಇಟ್ಟೀನಿ. ನಿಮ್ಮ ಕಾಲು ಉಳೀಲಿ ಅಂತ ಅಲ್ರಿ. ನಾಳೆ ಒಂದ ದಿನ ಆ ಬೆಂಚಿನ ಮ್ಯಾಲ ಕುಂದ್ರೂದು ತಪ್ಲಿ ಅಂತ… ನನಗ ತಪ್ಲಿ ಅಂತ. ಅದಕ್ಕ ನಿಮಗ ವಿಷ ಉಣಸಾಕ ಬಂದೀನಿ.

ಏನರ ಅನ್ರೀ…

ಅಯ್ಯ. ಇದೇನ್ರಿ? ನೀವು ಅಳಾಕತ್ತೀರಾ? ನಿಮ್ಮವ್ವ ಸತ್ತಾಗ ಅಳಲಿಲ್ಲ ನೀವು. ಅಲ್ಲಾ… ನಿಮಗೂ ಹೆದರಿಕಿ ಐತಾ? ಇಷ್ಟ ದಿನ ಒಳಗ ಇಟ್ಕೊಂಡು ಕುಂತಿದ್ರಾ? ಹೆದರಿದ್ರೂ ಉಣ್ಲಿಲ್ಲಲ್ರಿ ನೀವು. ಬದುಕಬೇಕು ಅನ್ನಾಕತ್ತೀರಲ್ಲ. ಒಂದ ಕಾಲಿಲೆ ಆದ್ರೂ ಬದುಕಬೇಕು ಅನ್ನಾಕತ್ತೀರಿ. ನಾ ಏನ್ ಮಾಡಿದೆ… ನಾ ಏನ್ ಮಾಡಾಕ ಬಂದಿದ್ದೆ…

ಕಣ್ಣ ಒರಸ್ಕೋರಿ. ಸರಗ ತಗೋರಿ, ಮಂದಿ ನೋಡಿದ್ರ ನೋಡ್ಲಿ. ನಿಮ್ಮ ಫೋನ್ ಹೊಡ್ಕೋಳಾಕತ್ತೈತಿ. ಯಾರದು, ಅಮರೇಶಂದಾ? ಎತ್ತಬ್ಯಾಡ್ರಿ… ಇಲ್ಲ, ಎತ್ರಿ. ಕೊಡ್ರಿಲ್ಲೆ, ನಾನ ಮಾತಾಡ್ತೀನಿ.

ಹಲೋ, ಅಮರೇಶಾ… ಬ್ಯಾಂಕಿನ್ಯಾಗ ಇಲ್ಲಪ್ಪಾ. ಶೀತಲ್ ಆಫೀಸಿನ ಪಾರ್ಟಿ ಆಗಿತ್ತಲ್ಲ, ಆ ಹೋಟೆಲ್ಲಿನ್ಯಾಗ ಅದೀವಿ. ಕಾರು ತಗೊಂಡು ಬಾ. ನಾಳೆತನಕ ಬ್ಯಾಡ, ಈಗ ಅಡ್ಮಿಟ್ ಮಾಡೂಣು. ಹೂಂ, ಅವರಿಗೆ ಎಲ್ಲಾ ಗೊತ್ತೈತಿ. ಇಲ್ಲ… ಇಲ್ಲಪ್ಪಾ, ನಿಮ್ಮಪ್ಪ ಏನೂ ತಿಂದಿಲ್ಲ. ನಾನು ತಿನಸಾಕ ಕರಕೊಂಡು ಬಂದಿದ್ದೆ.