ರಾಣಿಪುರಕ್ಕೆ ಮೂವರು

ಇದು ನಡೆದದ್ದೇ, ನಂಬಿಕೆ ಬಾರದಿದ್ದರೆ ಮರಿಯುಮ್ಮನನ್ನು ಕೇಳಿ. ವಿದ್ಯಾನಗರದ ಕೋರ್ಟಿನ ಬೆಂಚಿನಲ್ಲಿ ಆ ತುದಿಗೆ ಮುರಳೀಕೃಷ್ಣ, ಈ ತುದಿಗೆ ಅವನ ಹೆಂಡತಿ ದೀಪಶ್ರೀ. ವಿಚ್ಛೇದನದ ಕೊನೆಯ ಸಹಿ ಅಂದೇ ಆಗಬೇಕಿತ್ತು. ನಡುವೆ, ಬೇರೆ ಕೇಸಿಗೆ ಬಂದಿದ್ದ ಮರಿಯುಮ್ಮ ಕಣ್ಣು ಮುಚ್ಚಿ ನಿದ್ದೆ ನಟಿಸುತ್ತಿದ್ದಳು.

“ರಜೆಗೆ ರಾಣಿಪುರದ ಗುಡ್ಡವೇ ಆಯ್ತಲ್ಲ?” ಎಂದ ಮುರಳೀಕೃಷ್ಣ.

“ಬೇಕಲದ ಕಡಲು ಸಾಕಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ನಿಮಗೆ ಏದುಸಿರು.”

“ಅನಘಾಳಿಗೆ ಗುಡ್ಡವೇ ಬೇಕಂತೆ. ನೀನೂ ಬರ್ತೇನೆ ಅಂದೆಯಂತಲ್ಲ?”

“ನಾನಾ? ಯಾರು ಹೇಳಿದ್ದು?”

“ನಿನ್ನ ಮಗಳೇ. ಹಾಗೆಂದೇ ನಾನು ಮೂವರಿಗೆ ರೂಮು ಮಾಡಿದ್ದು.”

“ನನ್ನ ಹತ್ರ, ಅಪ್ಪನೇ ಕರೆದಿದ್ದಾರೆ ಅಂದಳು ಮಾರಾಯ್ರೆ! ಹಾಗೆಂದೇ ನಾನು ಗುಡ್ಡ ಹತ್ತಲಿಕ್ಕೆ ಶೂ ತೆಗೊಂಡದ್ದು.”

“ಎಂಟು ವರ್ಷದ ಪೋರಿ ಇಬ್ಬರನ್ನೂ ಮಂಗ ಮಾಡಿದ್ದಾಳೆ!”

ಮೊದಲು ನಕ್ಕವನು ಅವನು. ದೀಪಶ್ರೀ ಅವನಿಗಿಂತ ಜೋರಾಗಿ, ವರಾಂಡದವರೆಲ್ಲ ತಿರುಗಿ ನೋಡುವಂತೆ ನಕ್ಕಳು. ಮರಿಯುಮ್ಮ ಕಣ್ಣು ತೆರೆಯಲೇಬೇಕಾಯಿತು. ಅಷ್ಟರಲ್ಲಿ ಒಳಗಿನಿಂದ ಅವರ ನಂಬರು ಕೂಗಿದರು.

“ಅವಳಿಗೆ ಎಂತ ಹೇಳುವುದು?”

“ನೀವೇ ಹೇಳಿ. ನನ್ನಿಂದ ಆಗುವುದಿಲ್ಲ.”

ದೀಪಶ್ರೀ ಇನ್ನೂ ನಗುತ್ತ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಸಹಿ ಹಾಕಲು ಅವನ ಹಿಂದೆ ಒಳಗೆ ಹೋದಳು.