ಮಡಿಲಿಗೆ ಹಾಕಿದ ಅವರೆ

ಶಂಕರಪುರದ ಬಸ್ ಸ್ಟಾಪಿನಲ್ಲಿ ನಾನು ಕುಳಿತಿದ್ದ ಬೆಂಚಿನ ಆ ತುದಿಗೆ ತಾಯಿ, ಮಗಳು ಕುಳಿತಿದ್ದರು. ಮಲ್ಲೇಶ್ವರದಲ್ಲಿ ಯಾವುದೋ ಸರ್ಕಾರಿ ವಿಚಾರಣೆಗೆ ಹೊರಟವರು. 2006ರ ಜನವರಿ.

“ಅಲ್ಲಿ ಇಷ್ಟೇ ಹೇಳವ್ವ. ಆ ಜರ್ಮನಿ ಹುಡುಗಿ ಕೇಳದೆ ಬೀಜ ತಗೊಂಡು ಹೋದ್ಲು ಅಂತ.”

“ಕೇಳದೆ ಎಲ್ಲಿ ತಗಂಡ್ಲು ಬಿಂದು? ನಾನೇ ಅಲ್ವಾ ಮಡಿಲು ತುಂಬಿದ್ದು? ಅಕ್ಕಿ, ಕೊಬ್ಬರಿ ಜೊತೆ ಎರಡು ಹಿಡಿ ಅವರೆ ಹಾಕ್ದೆ.”

“ಮಡಿಲು ತುಂಬಿದ್ರೆ ಒಪ್ಪಿಗೆ ಕೊಟ್ಟಂಗಲ್ಲವ್ವ. ದೇಶದೇಶಗಳೇ ಒಪ್ಪಿರೋ ನಿಯಮ ಇದೆ. ಬೀಜ ಏನಕ್ಕೆ ಅಂತ ಮೊದಲೇ ಹೇಳ್ಬೇಕು, ಲಾಭ ಬಂದ್ರೆ ಊರಿಗೂ ಪಾಲು ಕೊಡ್ಬೇಕು. ಅವಳ ಕಂಪನಿ ನೋಡಿದ್ರೆ, ಹುಳ ಹಿಡಿಯದ ಅವರೆ ತನ್ನದೇ ಅಂತಿದೆ.”

“ನಾಚಿಕೆಯಾಗುತ್ತೆ ಕಣೆ. ಊರ ಹೆಂಗಸರೆಲ್ಲ ಬೂದಿ ಬೆರೆಸಿ ಕಾಪಾಡ್ಕಂಡ್ ಬಂದಿದ್ದು. ನಿನ್ನ ಗೆಳತಿ, ಬರಿಮಡಿಲಲ್ಲಿ ಕಳಿಸಬಾರದು ಅಂತ ಕೊಟ್ಟೆ.”

ಮಗಳು ಬಸ್ಸು ಬರುವ ದಾರಿ ನೋಡಿದಳು.

“ಹಂಗಾದ್ರೆ ಅವಳು ಹೇಳಿದಂಗೆ ನಮ್ಮೂರ ಹಬ್ಬ ನೋಡೋಕೆ ಬಂದವಳಲ್ಲ. ಅವರೆಗೇ ಬಂದವಳು, ಹೌದಾ?”

“ಹೂಂ.”

“ನಿಂಗೆ ಗೊತ್ತಿತ್ತಾ?”

“ಮೆತ್ತಗೆ ಮಾತಾಡವ್ವ. ಪಕ್ಕದಲ್ಲಿ ಯಾರೋ ಕೂತಿದಾರೆ.”

ನಾನು ರಸ್ತೆಯ ಕಡೆ ಮುಖ ತಿರುಗಿಸಿದೆ.

“ಗೊತ್ತಿತ್ತು. ಸಂಶೋಧನೇಲಿ ನನ್ನ ಹೆಸರೂ ಹಾಕ್ತೀನಿ ಅಂದಿದ್ಲು. ಹಾಕ್ಲಿಲ್ಲ.”

“ಹಾಕಿದ್ರೆ ಇವತ್ತು ನನ್ನ ಕರ್ಕಂಡ್ ಬರ್ತಿದ್ಯಾ?”

ಬಸ್ಸು ಬಂತು. ತಾಯಿ ಸೆರಗು ಬಿಗಿದುಕೊಂಡು ಎದ್ದರು.

“ನಾನೇ ಕೊಟ್ಟೆ ಅಂತ ನಾನು ಹೇಳ್ತೀನಿ. ಅವಳು ಯಾಕೆ ಬಂದಿದ್ಲು ಅಂತ ನೀನು ಹೇಳು.”

ಕಿಟಕಿಯಲ್ಲಿ ತಾಯಿ ಕಂಡರು. ಪಕ್ಕದ ಸೀಟು ಖಾಲಿಯಿತ್ತು. ಬಸ್ಸು ತಿರುವು ದಾಟುವವರೆಗೂ ಮಗಳು ಒಳಗೆ ಕಂಬಿ ಹಿಡಿದು ನಿಂತೇ ಇದ್ದಳು.